ಹೂವು ಅಮ್ಮನದು, ಹುಳ ನನ್ನದು

ನಮ್ಮ ಮನೆಯ ಕೈತೋಟ ಅಮ್ಮನದು. ಪೈಪು ಹಿಡಿದು ನೀರು ಬಿಡುವುದೊಂದನ್ನು ಬಿಟ್ಟರೆ ಅಲ್ಲಿ ನನ್ನ ಮಾತು ನಡೆಯುವುದಿಲ್ಲ. ಕ್ಯಾಮೆರಾ ತಗೊಂಡ ಮೇಲೆ ನಾನು ದಿನಾ ಬೆಳಿಗ್ಗೆ ಗಿಡಗಳ ನಡುವೆ ಕಾಣಿಸಿಕೊಳ್ಳತೊಡಗಿದಾಗ, ಅಂತೂ ಗಿಡದ ಮೇಲೆ ಆಸೆ ಬಂತಲ್ಲ ಅಂತ ಅಮ್ಮನಿಗೆ ಬಹಳ ಖುಷಿಯಾಗಿತ್ತು. ಆ ಖುಷಿ ಜಾಸ್ತಿ ದಿನ ಬಾಳಲಿಲ್ಲ. ಯಾಕೆಂದರೆ ಒಳ್ಳೆಯ ತೋಟದಲ್ಲಿ ಏನೇನು ಇರಬಾರದೋ ಒಳ್ಳೆಯ ಫೋಟೋದಲ್ಲಿ ಅದೆಲ್ಲ ಇರಲೇಬೇಕು. ತೂತು ಬಿದ್ದ ಎಲೆ, ಅದನ್ನು ತಿಂದ ಹುಳ, ಹುಳವನ್ನು ಹುಡುಕಿಕೊಂಡು ಬಂದ ಹಕ್ಕಿ, ಮೂಲೆಯಲ್ಲಿ ಬಲೆ ಕಟ್ಟಿಕೊಂಡು ಕೂತ ಜೇಡ. ಅಮ್ಮ ಯಾರನ್ನೆಲ್ಲ ಓಡಿಸುತ್ತಾಳೋ ಅವರೆಲ್ಲ ನನಗೆ ಬೇಕು.

ಮೊದಲ ಜಗಳ ಆಗಿದ್ದು ಹೇನಿನ ವಿಷಯಕ್ಕೆ. ದಾಸವಾಳದ ಮೊಗ್ಗಿನ ಕೆಳಗೆ ಸಸ್ಯಹೇನು ಕಟ್ಟಿಕೊಂಡಿತ್ತು, ಅದರ ಹಿಂದೆಯೇ ಇರುವೆಗಳೂ ಬಂದಿದ್ದವು. ಈ ಇರುವೆಗಳು ತಮ್ಮ ಮೀಸೆಯಿಂದ ಹೇನಿನ ಬೆನ್ನು ಸವರುತ್ತವೆ, ಹೇನು ಒಂದು ಸಿಹಿ ಹನಿ ಬಿಡುತ್ತದೆ, ಇರುವೆ ಅದನ್ನು ಹೀರಿಕೊಂಡು ಪಕ್ಕದ ಹೇನಿನ ಹತ್ತಿರ ಹೋಗುತ್ತದೆ. ಹೇನು ತಿನ್ನಲು ಗುಲಗಂಜಿ ಹುಳ ಬಂದರೆ ಇರುವೆಗಳೇ ಅದನ್ನು ಅಟ್ಟುತ್ತವೆ. ಇದನ್ನೆಲ್ಲ ಫೋಟೋದಲ್ಲಿ ಹಿಡಿಯಬೇಕು ಅಂತ ಟ್ರೈಪಾಡ್ ಹೂಡಿ, ಬೆನ್ನು ಬಗ್ಗಿಸಿ, ಆ ಹನಿ ಇನ್ನೇನು ಹೊರಗೆ ಬಂತು ಅನ್ನುವಾಗ, ನನ್ನ ಕಿವಿಯ ಪಕ್ಕದಿಂದಲೇ ಚುಸ್ ಅಂತ ಸದ್ದು. ಅಮ್ಮ, ಕೈಯಲ್ಲಿ ಸೋಪಿನ ನೀರಿನ ಸ್ಪ್ರೇ ಬಾಟಲಿ. ಫೋಟೋದಲ್ಲಿ ಹೇನೂ ಇಲ್ಲ, ಹನಿಯೂ ಇಲ್ಲ. ಒಂದು ದೊಡ್ಡ ನೊರೆಗುಳ್ಳೆ, ಅದರೊಳಗೆ ಕಕ್ಕಾಬಿಕ್ಕಿಯಾದ ಒಂದು ಇರುವೆ. "ಇರುವೆ ತಾನೆ, ಆ ಕಡೆ ಗಿಡದಲ್ಲೂ ಇದೆ ಹೋಗು" ಅಂದಳು ಅಮ್ಮ. ನಾನು ಲೆನ್ಸ್ ಒರೆಸಿಕೊಂಡು ಆ ಕಡೆ ಹೋದೆ. ಅಲ್ಲಿಗೂ ಮೊದಲೇ ಸ್ಪ್ರೇ ಹೊಡೆದಾಗಿತ್ತು.

ಹುಳದ ಸಹವಾಸವೇ ಬೇಡ, ಹೂವಿನ ಫೋಟೋ ತೆಗಿ ಅಂತ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಹೂವು ಓಡಿಹೋಗುವುದಿಲ್ಲ, ಹಾರುವುದಿಲ್ಲ, ಕಚ್ಚುವುದಿಲ್ಲ. ಎಲ್ಲ ನಿಜ. ಆದರೆ ಗಾಳಿ ಅಂತ ಒಂದಿದೆಯಲ್ಲ! ಬೆಳಗಿನಿಂದ ಒಂದೆಲೆಯೂ ಅಲುಗದ ತೋಟದಲ್ಲಿ ನಾನು ಮಂಡಿಯೂರಿ, ಒಂದು ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದ ಕೂಡಲೇ ಎಲ್ಲಿಂದಲೋ ಒಂದು ಗಾಳಿ ಬಂದು ಆ ಒಂದೇ ಒಂದು ಹೂವನ್ನು ಅಲ್ಲಾಡಿಸಿ ಹೋಗುತ್ತದೆ. ಪಕ್ಕದ ಹೂವು ಅಲುಗುವುದಿಲ್ಲ, ಬೇಕಾದರೆ ನೋಡಿ. ಮ್ಯಾಕ್ರೋ ಲೆನ್ಸ್ ಹಾಕಿ ತೀರಾ ಹತ್ತಿರ ಹೋದರೆ, ಅಂದರೆ ವಸ್ತು ಎಷ್ಟು ದೊಡ್ಡದಿದೆಯೋ ಕ್ಯಾಮೆರಾದೊಳಗೆ ಚಿತ್ರ ಮೂಡುವ ಸೆನ್ಸರ್ ಮೇಲೂ ಅಷ್ಟೇ ದೊಡ್ಡದಾಗಿ ಬೀಳುವಷ್ಟು ಹತ್ತಿರ ಹೋದರೆ, ಲೆನ್ಸಿನ ಬೆಳಕಿನ ಕಿಂಡಿಯನ್ನು ಎಫ್ 8ರಷ್ಟು ಕಿರಿದಾಗಿ ಇಟ್ಟರೂ ಸ್ಪಷ್ಟವಾಗಿ ಮೂಡುವುದು ಸುಮಾರು 1 ಮಿಲಿಮೀಟರ್ ದಪ್ಪದ ಜಾಗ ಮಾತ್ರ. ಅಷ್ಟಕ್ಕೆ ಗಾಳಿಯೂ ಬೇಕಿಲ್ಲ, ನಾನು ಎಂಜಲು ನುಂಗಿದರೂ ಸಾಕು, ಕೇಸರದ ತುದಿಯಲ್ಲಿದ್ದ ಫೋಕಸ್ ಹಿಂದಿನ ಎಸಳಿಗೆ ಹೋಗಿ ಕೂರುತ್ತದೆ.

ಇದಕ್ಕೆ ನಾನೊಂದು ಉಪಾಯ ಹುಡುಕಿದೆ. ಗಿಡದ ಪಕ್ಕದಲ್ಲಿ ಒಂದು ಕೋಲು ನೆಟ್ಟು, ಹೂವಿನ ತೊಟ್ಟನ್ನು ಬಟ್ಟೆ ಕ್ಲಿಪ್ಪಿನಿಂದ ಕೋಲಿಗೆ ಕಚ್ಚಿಸುವುದು. ಹೂವು ಕಮಕ್ ಕಿಮಕ್ ಅನ್ನಲಿಲ್ಲ. ಎಷ್ಟು ಚೆನ್ನಾಗಿ ಕೆಲಸ ಮಾಡಿತು ಅಂದರೆ ಒಂದೊಂದೇ ಕ್ಲಿಪ್ಪು ಬಟ್ಟೆ ತಂತಿಯಿಂದ ಗಿಡಗಳಿಗೆ ವರ್ಗವಾಗುತ್ತಾ ಬಂದವು. ಆಮೇಲೆ ಒಂದು ಮಧ್ಯಾಹ್ನ ಜೋರು ಗಾಳಿ ಬೀಸಿತು ನೋಡಿ, ಹೂವುಗಳೆಲ್ಲ ಶಿಸ್ತಾಗಿ ನಿಂತಿದ್ದವು, ಬೆಡ್‌ಶೀಟ್ ಮಾತ್ರ ಕಾಂಪೌಂಡ್ ಹಾರಿ ಪಕ್ಕದ ಮನೆಗೆ ಹೋಗಿತ್ತು.

ಆ ಬಟ್ಟೆ ತಂತಿಯ ಕತೆ ಅಲ್ಲಿಗೇ ಮುಗಿಯಲಿಲ್ಲ. ನಮ್ಮ ತೋಟಕ್ಕೆ ಒಂದು ಗಂಡು ಸೂರಕ್ಕಿ ಬರುತ್ತದೆ. ದಾಸವಾಳದ ಎದುರಿಗೆ ಬಂದು ಮರ್ಯಾದೆಯಿಂದ ಮಕರಂದ ಕುಡಿಯುವುದು ಅದಕ್ಕೆ ಗೊತ್ತಿಲ್ಲ, ಬುಡದಲ್ಲಿ ಕೊಕ್ಕಿನಿಂದ ತೂತು ಮಾಡಿ ಹೀರಿಕೊಂಡು ಹೋಗುತ್ತದೆ. ನಾನು ಹೂವಿನ ಮುಂದೆ ಫೋಕಸ್ ಇಟ್ಟುಕೊಂಡು ಕಾಯುತ್ತಿದ್ದರೆ ಅದು ಹೂವಿನ ಹಿಂದೆ ಊಟ ಮುಗಿಸಿರುತ್ತದೆ. ಇನ್ನು ಅದರ ಬಣ್ಣ. ನೀಲಿಯೋ ನೇರಳೆಯೋ ಅನ್ನುವ ಆ ಮಿಂಚು ಗರಿಗೆ ಬಳಿದ ಬಣ್ಣವಲ್ಲ, ಗರಿಯ ರಚನೆಯಲ್ಲಿ ಬೆಳಕು ಆಡುವ ಆಟ. ಬಿಸಿಲು ಸರಿಯಾದ ಕೋನದಿಂದ ಬಿದ್ದರೆ ಮಾತ್ರ ಕಾಣುತ್ತದೆ, ಇಲ್ಲದಿದ್ದರೆ ಬರೀ ಕಪ್ಪು. ನಾನು ಕೂತ ಜಾಗದಿಂದ ಅದು ಯಾವಾಗಲೂ ಬರೀ ಕಪ್ಪೇ. ಕೊನೆಗೊಂದು ದಿನ ಎಲ್ಲ ಕೂಡಿಬಂತು. ಹಕ್ಕಿ ಬಟ್ಟೆ ತಂತಿಯ ಮೇಲೆ ಕೂತಿತು, ಬಿಸಿಲಿಗೆ ಮೈ ತಿರುಗಿಸಿತು, ಕುತ್ತಿಗೆಯಿಂದ ಬೆನ್ನಿನವರೆಗೆ ಝಗ್ ಅಂತ ಹೊತ್ತಿಕೊಂಡಿತು. ನಾನು ಬಟನ್ ಒತ್ತಿ ಹಿಡಿದೆ, ಕ್ಯಾಮೆರಾ ಪಟಪಟ ಅಂತ ಹೊಡೆಯಿತು. ಆಮೇಲೆ ದೊಡ್ಡದು ಮಾಡಿ ನೋಡುತ್ತೇನೆ, ಆಟೋಫೋಕಸ್ ಹಿಡಿದದ್ದು ಪಕ್ಕದಲ್ಲಿ ಒಣಗುತ್ತಿದ್ದ ಅಪ್ಪನ ಬನಿಯನ್ನು. ಹಕ್ಕಿ ಹಿಂದೆ ಎಲ್ಲೋ ನೀಲಿಯಾಗಿ ಕಲಸಿಹೋಗಿದೆ. ಬನಿಯನ್ ಮಾತ್ರ ಏನು ಸ್ಪಷ್ಟ ಅಂತೀರಿ! ಕಂಕುಳ ಹತ್ತಿರದ ತೂತು, ಅದರ ಅಂಚಿನಲ್ಲಿ ಎದ್ದುನಿಂತ ಒಂದೊಂದು ದಾರ, ದಾರದ ಮೇಲಿನ ಜುಂಗು, ಎಲ್ಲ ಎಣಿಸಬಹುದು. ಆದರೂ ಆ ನೀಲಿ ಚೆನ್ನಾಗಿದೆಯಲ್ಲ ಅಂತ ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದೆ. ಹಕ್ಕಿಯ ಬಗ್ಗೆ ಒಬ್ಬರೂ ಚಕಾರ ಎತ್ತಲಿಲ್ಲ. ಅತ್ತೆ ಮಾತ್ರ "ಅಣ್ಣಾ, ಒಂದು ಬನಿಯನ್ ತಗೊಳ್ಳೋಕೆ ಏನು ಕಷ್ಟ ನಿಂಗೆ?" ಅಂತ ಕೇಳಿದರು. ಅವತ್ತಿನಿಂದ ಅಪ್ಪ ತಮ್ಮ ಬಟ್ಟೆಯನ್ನು ರೂಮಿನೊಳಗೆ ಫ್ಯಾನ್ ಕೆಳಗೆ ಒಣಗಿಸಿಕೊಳ್ಳುತ್ತಾರೆ.

ಮಡಿವಾಳ ಹಕ್ಕಿಯ ಫೋಟೋ ಕೂಡ ಇದೇ ಜಾತಿಯದು. ಮರಿ ಮಾಡುವ ಕಾಲದಲ್ಲಿ ಗಂಡು ಹಕ್ಕಿಗೆ ತನ್ನ ಜಾಗಕ್ಕೆ ಇನ್ನೊಂದು ಗಂಡು ಕಾಲಿಟ್ಟರೆ ಆಗುವುದಿಲ್ಲ. ಸ್ಕೂಟರಿನ ಕನ್ನಡಿಯಲ್ಲಿ ತನ್ನನ್ನೇ ಕಂಡು ದಿನಾ ಬಂದು ಗುದ್ದಾಡುತ್ತಿತ್ತು. ರೆಕ್ಕೆ ಬಿಚ್ಚಿ ಕನ್ನಡಿಗೆ ಎಗರುವ ಗಳಿಗೆಯನ್ನು ಸೆಕೆಂಡಿನ 1000ದ 1 ಭಾಗದ ವೇಗದಲ್ಲಿ ಹಿಡಿದೆ. ರೆಕ್ಕೆಯ ಬಿಳಿ ಪಟ್ಟೆ, ಎತ್ತಿದ ಬಾಲ, ಎಲ್ಲ ಬಂದಿದೆ. ಕನ್ನಡಿಯೊಳಗೆ, ಹಕ್ಕಿಯ ಪಕ್ಕದಲ್ಲೇ, ನೆಲದ ಮೇಲೆ ಹೊಟ್ಟೆ ಹಾಕಿಕೊಂಡು ಮಲಗಿ ಬಾಯಿ ತೆರೆದುಕೊಂಡಿರುವ ನಾನೂ ಬಂದಿದ್ದೇನೆ.

ಪಕ್ಕದ ಮನೆಯವರದು ಬೇರೆ ತಕರಾರು. ಕಾಂಪೌಂಡಿನ ಪಕ್ಕದ ಪೊದೆಯಲ್ಲಿ ಟುವ್ವಿ ಹಕ್ಕಿ ಗೂಡು ಮಾಡುತ್ತಿತ್ತು. ಎಲೆಯ ಅಂಚಿಗೆ ತೂತು ಮಾಡಿ, ನಾರು, ಜೇಡರ ಬಲೆಯ ಎಳೆ ಏನು ಸಿಕ್ಕಿತೋ ಅದನ್ನು ತೂರಿಸಿ ಎಲೆಯನ್ನು ಜೋಳಿಗೆ ಮಾಡಿ ಹೊಲಿಯುವ ಪುಟ್ಟ ಹಕ್ಕಿ ಅದು. ನಾನು ಮೊಳ ಉದ್ದದ ಲೆನ್ಸನ್ನು ಪೊದೆಯ ಕಡೆ ತಿರುಗಿಸಿ ಗಂಟೆಗಟ್ಟಲೆ ಕೂರುತ್ತಿದ್ದೆ. ಪೊದೆಯ ನೇರ ಹಿಂದೆ ಅವರ ಕಿಟಕಿ. ಮೊದಲು ಕಿಟಕಿಗೆ ಪರದೆ ಬಿತ್ತು. ಆಮೇಲೆ ಬಾಗಿಲು ತೆರೆದು ಆಂಟಿ ಹೊರಗೆ ಬಂದರು.

"ಏನು ನೋಡ್ತಿರೋದು?"

"ಎಲೆ ಹೊಲೀತಿರೋ ಹಕ್ಕಿ, ಆಂಟಿ."

ಈ ಉತ್ತರ ಎಷ್ಟು ಸುಳ್ಳು ಅನ್ನಿಸುತ್ತದೆ ಅನ್ನುವುದು ಹೇಳಿದ ಮೇಲೆ ನನಗೇ ಗೊತ್ತಾಯಿತು. ಆದರೆ ಅಷ್ಟರಲ್ಲಿ ಹಕ್ಕಿಯೇ ಬಾಯಲ್ಲಿ ನಾರು ಕಚ್ಚಿಕೊಂಡು ಬಂದು ಸಾಕ್ಷಿ ಹೇಳಿ ಮಾನ ಉಳಿಸಿತು. ಈಗ ಏನಾಗಿದೆ ಅಂದರೆ ಆ ಗೂಡಿಗೆ ಆಂಟಿಯೇ ಕಾವಲು. ನಾನು ಕ್ಯಾಮೆರಾ ಹಿಡಿದು ಎರಡು ಹೆಜ್ಜೆ ಇಟ್ಟರೆ ಸಾಕು, "ಹತ್ತಿರ ಹೋಗ್ಬೇಡ, ಮರಿ ಇದೆ!" ಅಂತ ಒಳಗಿನಿಂದಲೇ ಕೂಗುತ್ತಾರೆ. ಅವರು ಹೇಳುವುದು ಸರಿಯೇ. ನಾವು ಪದೇಪದೇ ಗೂಡಿನ ಹತ್ತಿರ ಸುಳಿದಾಡಿದರೆ ಕಾಗೆ, ಬೆಕ್ಕುಗಳಿಗೆ ದಾರಿ ತೋರಿಸಿದಂತೆ. ಹಾಗಾಗಿ ಮರಿಗಳ ಫೋಟೋ ನನ್ನ ಹತ್ತಿರ ಇಲ್ಲ.

ಇಡೀ ತೋಟದಲ್ಲಿ ನನ್ನ ಕಷ್ಟ ಅರ್ಥ ಮಾಡಿಕೊಂಡಿರುವುದು ಜಿಗಿಯುವ ಜೇಡ ಒಂದೇ. ಬಲೆ ಕಟ್ಟದೆ ಬೇಟೆಯಾಡುವ, ಉಗುರಿಗಿಂತ ಚಿಕ್ಕ ಜೇಡ. 8 ಕಣ್ಣು, ಅದರಲ್ಲಿ ಮುಂದಿನ 2 ದೊಡ್ಡವು. ಕ್ಯಾಮೆರಾ ತಂದರೆ ಓಡುವುದಿಲ್ಲ, ತಿರುಗಿ ನೇರ ನಮ್ಮನ್ನೇ ನೋಡುತ್ತದೆ. ನಾವು ಎಡಕ್ಕೆ ಸರಿದರೆ ಅದೂ ಎಡಕ್ಕೆ ತಿರುಗುತ್ತದೆ. ಒಮ್ಮೆ ಲೆನ್ಸಿನ ಗಾಜಿನಲ್ಲಿ ಏನು ಕಂಡಿತೋ, ಮುಂಗಾಲುಗಳನ್ನು ಮೇಲೆತ್ತಿ ಬೀಸಿತು. ನಾನು ಆನಂದದಲ್ಲಿ ಬಟನ್ ಒತ್ತುವಷ್ಟರಲ್ಲಿ ಅದು ಜಿಗಿದು ಲೆನ್ಸಿನ ಮೇಲೆಯೇ ಕೂತಿತು. ಅಷ್ಟು ಹತ್ತಿರ ಬಂದರೆ ಯಾವ ಲೆನ್ಸೂ ಫೋಕಸ್ ಮಾಡುವುದಿಲ್ಲ.

ಇಷ್ಟೆಲ್ಲ ಇದ್ದರೂ ಅಮ್ಮ ಮತ್ತು ನನ್ನ ನಡುವಿನ ದೊಡ್ಡ ಯುದ್ಧ ನಡೆದದ್ದು ನಿಂಬೆ ಗಿಡದಲ್ಲಿ. ನಿಂಬೆ ಚಿಟ್ಟೆ ಎಳೆ ಎಲೆಗಳ ಮೇಲೆ ಒಂದೊಂದೇ ಮೊಟ್ಟೆ ಇಟ್ಟು ಹೋಗುತ್ತದೆ. ಹುಟ್ಟಿದ ಮರಿಹುಳ ಮೊದಮೊದಲು ಕಂದುಬಣ್ಣ, ನಡುವೆ ಬಿಳಿ ಮಚ್ಚೆ, ನೋಡಿದರೆ ಹಕ್ಕಿ ಹಿಕ್ಕೆ ಅನ್ನಬೇಕು. ಹಾಗೆ ಅಂದುಕೊಂಡು ಹಕ್ಕಿಗಳು ಬಿಟ್ಟುಹೋಗಲಿ ಅಂತಲೇ ಆ ವೇಷ. ನಾನು ಅದರ ಫೋಟೋವನ್ನು ಟಿವಿ ಪರದೆಗೆ ಹಾಕಿ ಹೆಮ್ಮೆಯಿಂದ ತೋರಿಸಿದೆ. ಅಪ್ಪ ಬಹಳ ಹೊತ್ತು ನೋಡಿ, "ಹಿಕ್ಕೆ ಫೋಟೋ ತೆಗೆಯೋಕೆ ಇಷ್ಟು ದುಡ್ಡಿನ ಲೆನ್ಸ್ ಬೇಕಾಗಿತ್ತಾ?" ಅಂದರು. ಹುಳಕ್ಕೆ ಇದಕ್ಕಿಂತ ದೊಡ್ಡ ಬಿರುದು ಬೇಡ.

ಬೆಳೆದಂತೆ ಅದು ಹಸಿರಾಗುತ್ತದೆ, ಹೊಟ್ಟೆಬಾಕನೂ ಆಗುತ್ತದೆ. ಅಮ್ಮ ಒಂದು ಕಡ್ಡಿ ತಂದು ಅದನ್ನು ತಳ್ಳಲು ನೋಡಿದಳು. ಹುಳ ತಲೆಯ ಹಿಂದಿನಿಂದ ಎರಡು ಕವಲಿನ ಕಿತ್ತಳೆ ಬಣ್ಣದ ಕೊಂಬನ್ನು ಫಕ್ಕನೆ ಹೊರಗೆ ಹಾಕಿತು, ಜೊತೆಗೊಂದು ಕೆಟ್ಟ ವಾಸನೆ. ಹೆದರಿದಾಗ ಅದು ಮಾಡುವುದೇ ಹಾಗೆ. ಅಮ್ಮ "ಅಯ್ಯಯ್ಯೋ, ಹಾವಿನ ನಾಲಿಗೆ!" ಅಂತ ಕಡ್ಡಿ ಬಿಸಾಕಿ ಹಿಂದಕ್ಕೆ ಹಾರಿದಳು. ನಾನು ಕ್ಯಾಮೆರಾದಿಂದ ಕಣ್ಣು ತೆಗೆಯದೆ, "ಅಮ್ಮಾ, ಇನ್ನೊಂದು ಸಲ ಮುಟ್ಟು, ಫೋಕಸ್ ಆಗ್ಲಿಲ್ಲ" ಅಂದೆ. ಅವತ್ತು ಇಡೀ ದಿನ ಅಮ್ಮ ನನ್ನ ಜೊತೆ ಮಾತಾಡಲಿಲ್ಲ.

ಅಂತೂ ಒಂದು ಹುಳ ಉಳಿದುಕೊಂಡಿತು, ಸೊಂಟಕ್ಕೊಂದು ರೇಷ್ಮೆ ಎಳೆ ಕಟ್ಟಿಕೊಂಡು ಕೋಶವಾಯಿತು. ಕೋಶದ ಬಣ್ಣ ಕಪ್ಪಾಗಿ ಒಳಗಿನ ರೆಕ್ಕೆಯ ಚಿತ್ತಾರ ಹೊರಗೆ ಕಾಣತೊಡಗಿದರೆ ಚಿಟ್ಟೆ ಹೊರಬರುವ ಸಮಯ ಬಂತು ಅಂತ ಅರ್ಥ. ನಾನು ಬೆಳಕು ಹರಿಯುವ ಮೊದಲೇ ಟ್ರೈಪಾಡ್ ಹಾಕಿ ಕೂತೆ. ಸೊಳ್ಳೆ ಕಚ್ಚಿತು, ಅಲುಗಲಿಲ್ಲ. ಕಾಲು ಜೋಮು ಹಿಡಿಯಿತು, ಅಲುಗಲಿಲ್ಲ. ಕರೆಗಂಟೆ ಹೊಡೆಯಿತು. ಯಾರೂ ಬಾಗಿಲು ತೆಗೆಯಲಿಲ್ಲ, ಮತ್ತೆ ಹೊಡೆಯಿತು, ಮತ್ತೆ ಮತ್ತೆ ಹೊಡೆಯಿತು. ಜೋಮು ಹಿಡಿದ ಕಾಲನ್ನು ಎಳೆದುಕೊಂಡು ಹೋಗಿ ಬಾಗಿಲು ತೆಗೆದರೆ, ಯಾರದೋ ಮನೆ ವಿಳಾಸ ಕೇಳಲು ಬಂದವರು. ದಾರಿ ಹೇಳಿ ವಾಪಸ್ ಬರುವಷ್ಟರಲ್ಲಿ ಕೋಶ ಖಾಲಿ. ಪಕ್ಕದಲ್ಲಿ ಚಿಟ್ಟೆ ಒದ್ದೆ ರೆಕ್ಕೆ ಇಳಿಬಿಟ್ಟುಕೊಂಡು ನೇತಾಡುತ್ತಿತ್ತು. ಅದರ ಮುಂದೆ ಅಮ್ಮ, ಗಲ್ಲಕ್ಕೆ ಕೈಕೊಟ್ಟುಕೊಂಡು ಕೂತಿದ್ದಳು.

"ಈಗ ತಾನೆ ಬಂತು ಕಣೋ. ಎಷ್ಟು ಚೆನ್ನಾಗಿತ್ತು ಗೊತ್ತಾ! ನೀನೆಲ್ಲಿ ಹೋಗಿದ್ದೆ?"

ಆ ಚಿಟ್ಟೆಯಿಂದಾಗಿ ನಮ್ಮಲ್ಲೊಂದು ಒಪ್ಪಂದವಾಯಿತು. ನಾನೇ ಒಂದು ನಿಂಬೆ ಗಿಡ ತಂದು ಕುಂಡದಲ್ಲಿ ಇಡಬೇಕು, ಹುಳಗಳೆಲ್ಲ ಅದರಲ್ಲಿ. ಅಮ್ಮನ ಗಿಡದ ಒಂದೆಲೆಗೂ ಹಲ್ಲು ತಾಗಬಾರದು. ಗಿಡ ಬಂತು, ಕುಂಡ ಬಂತು. ಆದರೆ ಚಿಟ್ಟೆಗೆ ಬೇಕಾಗಿರುವುದು ಎಳೆ ಚಿಗುರು. ಹೊತ್ತು ಹೊತ್ತಿಗೆ ನೀರು, ಗೊಬ್ಬರ ಕಂಡ ಅಮ್ಮನ ಗಿಡದಲ್ಲಿ ಚಿಗುರೋ ಚಿಗುರು. ನನ್ನ ಗಿಡದಲ್ಲಿ ಇರುವುದು ಒರಟು ಎಲೆ, ಮುಳ್ಳು, ಮತ್ತು ಫೋಕಸ್ ಪರೀಕ್ಷೆಗೆ ಕಚ್ಚಿಸಿದ ಎರಡು ಕ್ಲಿಪ್ಪು. ಚಿಟ್ಟೆ ಎಲ್ಲಿಗೆ ಹೋಗುತ್ತದೆ ಅಂತ ಬೇರೆ ಹೇಳಬೇಕಾ?

ಈಗ ಬೆಳಿಗ್ಗೆ ನಾನು ಹಾಸಿಗೆಯಲ್ಲಿ ಇರುವಾಗಲೇ ತೋಟದಿಂದ ಅಮ್ಮನ ಕೂಗು ಕೇಳುತ್ತದೆ: "ನಿನ್ನ ಮಕ್ಕಳು ಮತ್ತೆ ನನ್ನ ಗಿಡಕ್ಕೆ ಬಂದಿವೆ, ಎದ್ದು ಬಂದು ಎತ್ಕೊಂಡು ಹೋಗು!"