ಟೇಪು ಹಿಡಿದು ಅಳೆದ ಗುಡ್ಡ

ಬೆಳಗಾವಿಯಿಂದ ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟಿಗೆ ಹೋಗುವ ದಾರಿಯಲ್ಲಿ ಮಳೆಗಾಲದ ಭಾನುವಾರಗಳಂದು ಸಹ್ಯಾದ್ರಿ ಕಾಣುವುದಿಲ್ಲ, ಮುಂದಿನ ಕಾರಿನ ಹಿಂಭಾಗ ಕಾಣುತ್ತದೆ. ಆ ಸಾಲಿನಲ್ಲಿ ನನ್ನ ಕಾರೂ ಇತ್ತೆಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಖಾನಾಪುರ ತಾಲೂಕಿನ ಈ ಗುಡ್ಡಗಳಲ್ಲಿ ಎಮ್ಮೆ ಕಾಯುವ ಗವಳಿಗರು, ನಾಚಣಿ, ಅಂದರೆ ರಾಗಿ ಬೆಳೆಯುವ ಮರಾಠಿಗರು, ಒಂದಿಷ್ಟು ಸಿದ್ದಿ ಕುಟುಂಬಗಳು, ಎಲ್ಲರೂ ಮನೆಯಲ್ಲಿ ಒಂದು ಭಾಷೆ, ಸಂತೆಯಲ್ಲಿ ಇನ್ನೊಂದು, ಗೋವೆಯ ಕೂಲಿಯಲ್ಲಿ ಮತ್ತೊಂದನ್ನು ಆಡುತ್ತ, ಅದೊಂದು ಸಮಸ್ಯೆಯೆಂಬ ಅರಿವೇ ಇಲ್ಲದೆ ತಲೆಮಾರುಗಳನ್ನು ಕಳೆದಿದ್ದರು. ಆ ಅಜ್ಞಾನವನ್ನು ಹೋಗಲಾಡಿಸಲು ಪೇಟೆಯವರಾದ ನಾವು ಪಟ್ಟ ಶ್ರಮ ಅಷ್ಟಿಷ್ಟಲ್ಲ. ನವೆಂಬರ್ 1ರಂದು ಒಬ್ಬರು ರಾಜ್ಯೋತ್ಸವಕ್ಕೆ ಕರೆದರು, ಇನ್ನೊಬ್ಬರು ಕರಾಳ ದಿನಕ್ಕೆ ಕರೆದರು. ಈ ಭಾಗ ತನಗೆ ಸೇರಬೇಕೆಂದು ಮಹಾರಾಷ್ಟ್ರ ಹೂಡಿದ ಗಡಿಯ ದಾವೆ 2004ರಲ್ಲಿ ಸುಪ್ರೀಂ ಕೋರ್ಟನ್ನೂ ಸೇರಿತು. ಬಸ್ಸು ಯಾವಾಗ ಬರುತ್ತದೆಂಬ ಅವರ ಪ್ರಶ್ನೆಗೆ ಮಾತ್ರ ಎರಡೂ ಭಾಷೆಗಳಲ್ಲಿ ಉತ್ತರ ಸಿಗಲಿಲ್ಲ.

ನಾನು ಊಟಕ್ಕೆ ಇಳಿದ ಹೋಮ್‌ಸ್ಟೇಯ ಬಾಗಿಲಲ್ಲಿ ಶಾಲು ಹೊದ್ದ ಯುವಕರಿಬ್ಬರು ಟೇಪು ಹಿಡಿದು ನಾಮಫಲಕವನ್ನು ಅಳೆಯುತ್ತಿದ್ದರು. ಫಲಕದಲ್ಲಿ ಕನ್ನಡ ಶೇ. 60ರಷ್ಟಿರಬೇಕೆಂಬ 2024ರ ಕಾನೂನು ನ್ಯಾಯವಾದದ್ದೇ, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಮಾಲೀಕ ಪುಣೆಯವನು, ಮ್ಯಾನೇಜರ್ ಅಸ್ಸಾಮಿನವನು, ಅಡಿಗೆಯವನು ಒಡಿಶಾದವನು, ಈ ಜಾಗವನ್ನು ಮಾರಿದವನ ಮಗ ಗೋವೆಯ ಹೋಟೆಲೊಂದರಲ್ಲಿ ತಟ್ಟೆ ತೊಳೆಯುತ್ತಿದ್ದಾನೆ.

“ಎರಡು ಪರ್ಸೆಂಟ್ ಕಮ್ಮಿ ಐತ್ರಿ” ಎಂದ ಯುವಕ, ಮ್ಯಾನೇಜರ್ ಮಿಕಮಿಕ ನೋಡಿದ್ದರಿಂದ, ಕನ್ನಡದ ಮಹತ್ವವನ್ನು ಹಿಂದಿಯಲ್ಲಿ ವಿವರಿಸತೊಡಗಿದ. ಉಳಿದ 40ರಲ್ಲಿ ಮರಾಠಿಯ ಪಾಲೆಷ್ಟೆಂದು ಕೇಳಲು ಬಂದ ಮತ್ತೊಂದು ತಂಡವೂ ಅದೇ ಹಿಂದಿಯಲ್ಲಿ ಜಗಳವಾಡಿ, ಅದೇ ಕೆಟಲಿನ ಚಹಾ ಕುಡಿಯಿತು.

ಅಂಗಳದಲ್ಲಿ ಗವಳಿ ಅಜ್ಜಿಯೊಬ್ಬಳನ್ನು ಫೋಟೋಕ್ಕೆಂದು ಕೂಡಿಸಿದ್ದರು.

“ಅಜ್ಜಿ, ಆ ಹಾಲಿನ ಕೊಡಾ ಸ್ವಲ್ಪ ತಲಿ ಮ್ಯಾಲ ಇಟ್ಕೋರಿ” ಎಂದಳು ಬೆಳಗಾವಿಯ ಹುಡುಗಿ.

“ಇಡ್ತೀನಿ ಬಾಳಾ, ಖಾಲಿನ ಐತಿ. ಎಮ್ಮಿ ಮಾರಿ ವರ್ಷಾತು.”

ಕೊಡದ ಕಂಠಕ್ಕೆ ಹೊಸದಾಗಿ ಸುಣ್ಣದ ಚಿತ್ತಾರ ಬರೆದಿದ್ದರು. ನಮ್ಮ ಚಹಾದ ಹಾಲು ಬೆಳಗಾವಿಯಿಂದ ಪ್ಯಾಕೆಟಿನಲ್ಲಿ, ನಮ್ಮ ಹಿಂದೆಯೇ ಘಾಟಿ ಹತ್ತಿ ಬಂದಿತ್ತು.

2011ರಲ್ಲಿ ಇದೇ ತಾಲೂಕಿನ ಭೀಮಗಡ ಕೋಟೆಯ ಸುತ್ತಲಿನ 190 ಚದರ ಕಿಲೋಮೀಟರ್ ಕಾಡು ವನ್ಯಜೀವಿಧಾಮವಾಯಿತು. ಅದರೊಳಗಿನ ತಳೇವಾಡಿಯವರು ಆಸ್ಪತ್ರೆ, ರಸ್ತೆ, ಶಾಲೆಗೆ ಕಾದು ಸಾಕಾಗಿ, ಕುಟುಂಬಕ್ಕೆ 15 ಲಕ್ಷ ರೂಪಾಯಿ ಪರಿಹಾರ ಪಡೆದು ಹೊರಬರಲು ಒಪ್ಪಿದರು. ಅದೇ ಕಾಡಿನ ಬಾರಾಪೇಡೆ ಗುಹೆಗಳಲ್ಲಿ ವಾಸಿಸುವ ರೌಟನ್ ಬಾವಲಿಗಳು ಮೇಘಾಲಯದಲ್ಲೂ ಕಾಂಬೋಡಿಯಾದಲ್ಲೂ ಕಂಡುಬಂದಿವೆ. ಅವುಗಳ ಮಾತೃಭಾಷೆಯನ್ನು ಸದ್ಯಕ್ಕೆ ಯಾರೂ ವಿಚಾರಿಸಿಲ್ಲ. ಕಾಡಿಗೆ ನಿಶ್ಶಬ್ದ ಬೇಕು, ಸರಿ; ಎಮ್ಮೆಯ ಕೊರಳಗಂಟೆಗೆ ಬೆದರುವ ಕಾಡುಪ್ರಾಣಿಗಳು ನಮ್ಮ ಕಾರಿನ ಸ್ಪೀಕರಿಗೆ ಹೇಗೆ ಹೊಂದಿಕೊಂಡವೆಂಬುದು ಮಾತ್ರ ನನಗೆ ಹೊಳೆಯಲಿಲ್ಲ.

ನಾವು ಹೊರಡುವ ಹೊತ್ತಿಗೆ ಎರಡು ಪರ್ಸೆಂಟಿನ ತಂಟೆ ಬಗೆಹರಿದಿತ್ತು. ಫಲಕದ ಕೆಳಸಾಲಿನಲ್ಲಿದ್ದ ಹಳ್ಳಿಯ ಹೆಸರನ್ನು ಬಣ್ಣ ಬಳಿದು ಅಳಿಸಿ, ಅಲ್ಲಿಯವರೆಗೂ ‘ಸುಸ್ವಾಗತ’ವನ್ನು ದಪ್ಪಗೆ ಎಳೆದಿದ್ದರು.