ಅತ್ತೆಯ ಸೆರಗು ಮತ್ತು ಮಾರುತ್ ವಿಮಾನದ ಮೂಗು

ಎರಡು ಚಳಿಗಾಲ ಇಲ್ಲಿ ಅಮೆರಿಕದ ಗ್ಯಾರೇಜಿನಲ್ಲಿ ಕೂತು ಒಂದು ಮಾರುತ್ ಕಟ್ಟಿದೆ. ಅದೇ, ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಹುಟ್ಟಿ, 1961ರಲ್ಲಿ ಮೊದಲ ಸಲ ಹಾರಿ, 1971ರ ಯುದ್ಧಕ್ಕೂ ಹೋಗಿಬಂದ ಜೆಟ್ ಯುದ್ಧವಿಮಾನ, ಎಚ್‌ಎಫ್-24. ನನ್ನದು ಅದರ ಏಳನೇ ಒಂದು ಅಳತೆಯ ಮಾಡೆಲ್. ಹೊಟ್ಟೆಯಲ್ಲಿ ಬ್ಯಾಟರಿ, ಫ್ಯಾನು. ಕೈಯಲ್ಲಿ ರಿಮೋಟು. ಬೇಸಿಗೆಯಲ್ಲಿ ಕ್ಲಬ್ಬೊಂದು ವಾರ್‌ಬರ್ಡ್ ಮೇಳ ಮಾಡುತ್ತದೆ, ಮಾಡೆಲ್ ಯುದ್ಧವಿಮಾನಗಳ ಜಾತ್ರೆ ಅನ್ನಿ. ಹೊತ್ತುಕೊಂಡು ಹೋದೆ.

ಗೇಟಿನಲ್ಲಿ ಮೊದಲು ಮಾಡೆಲ್ ಸಂಘದ ಕಾರ್ಡು. ಆಮೇಲೆ ಎಫ್‌ಎಎ, ಅಂದರೆ ಅಮೆರಿಕದ ವಿಮಾನಯಾನ ಇಲಾಖೆಯ ನೋಂದಣಿ, ಐದು ಡಾಲರಿಗೆ ಮೂರು ವರ್ಷ. ಆಮೇಲೆ ಹವ್ಯಾಸಕ್ಕೆ ಹಾರಿಸುವವರು ಬರೆಯಬೇಕಾದ ಟ್ರಸ್ಟ್ ಅನ್ನುವ ಆನ್‌ಲೈನ್ ಸುರಕ್ಷತಾ ಪರೀಕ್ಷೆಯ ಸರ್ಟಿಫಿಕೇಟು. ಇದರಲ್ಲಿ ಫೇಲಾಗೋಕೇ ಆಗಲ್ಲ, ತಪ್ಪು ಒತ್ತಿದರೆ ಸರಿ ಉತ್ತರ ಬರುವವರೆಗೂ ಒತ್ತಿಸುತ್ತದೆ. ಆದರೆ ನೀವು ಪಾಸಾದ ದಾಖಲೆಯನ್ನು ಯಾರೂ ಇಟ್ಟುಕೊಳ್ಳುವುದಿಲ್ಲ, ಕಾಗದ ಕಳೆದರೆ ಮತ್ತೆ ಬರೆಯಬೇಕು. ಹಿಂದಿನ ರಾತ್ರಿ ನಾನು ಮೂರನೇ ಸಲ ಪಾಸಾಗಿದ್ದೆ. ಕಾಕ್‌ಪಿಟ್‌ನಲ್ಲಿ ಕೂತಿದ್ದ ಗೊಂಬೆ ಪೈಲಟ್ಟನ್ನು ಮಾತ್ರ ಯಾರೂ ಏನೂ ಕೇಳಲಿಲ್ಲ.

ಎಫ್‌ಎಎ ನಂಬರು ವಿಮಾನದ ಹೊರಮೈ ಮೇಲೇ ಇರಬೇಕು, ಅದು ಕಾನೂನು. ಪಕ್ಕದ ಮೇಜಿನಲ್ಲಿ, ಮಾಡೆಲನ್ನು ಅಸಲಿ ವಿಮಾನದ ಫೋಟೋ ಜತೆ ಹೋಲಿಸಿ ನೋಡುವ, ಟೋಪಿ ಹಾಕಿದ ತಾತ ಒಬ್ಬರು. ಅವರ ಪ್ರಕಾರ ನಿಜವಾದ ವಿಮಾನದ ಮೇಲೆ ಇರುವುದಷ್ಟೇ ಮಾಡೆಲ್ ಮೇಲೂ ಇರಬೇಕು.

"ಈ ನಂಬರು ಫೋಟೋದಲ್ಲಿ ಇಲ್ಲವಲ್ಲ?"

ಫೋಟೋ ಅಂದರೆ, ಆಧಾರಕ್ಕೆ ಅಂತ ನಾನು ಕೊಟ್ಟದ್ದು; ಬೆಂಗಳೂರಿನ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂನ ಮಾರುತ್ ಮುಂದೆ ನಮ್ಮ ಅತ್ತೆ ನಿಂತು ತೆಗೆಸಿಕೊಂಡದ್ದು. ಬೇರೆ ಸಿಗಲಿಲ್ಲ ಅಂತಲ್ಲ, ಅವಸರದಲ್ಲಿ ಕೈಗೆ ಸಿಕ್ಕಿದ್ದು ಅದು. ವಿಮಾನದ ಮೂಗು ಪೂರ್ತಿ ಅತ್ತೆಯ ಸೆರಗಿನ ಹಿಂದೆ. ತಾತ ಭೂತಗನ್ನಡಿ ಹಿಡಿದು ಸೆರಗಿನ ಜರಿಯನ್ನೆಲ್ಲ ಪರಿಶೀಲಿಸಿ, "ಮೂಗಿಗೆ ಆಧಾರ ಇಲ್ಲ" ಎಂದು ಬರೆದುಕೊಂಡರು.

ಆಮೇಲೆ ಟೇಪು ಬಂತು. ಜೆಟ್ ಆದರೆ ಉದ್ದ, ರೆಕ್ಕೆ ಎರಡೂ ಕೂಡಿಸಿ 140 ಇಂಚು ಆಗಬೇಕಂತೆ. ಮಾರುತ್ 15.87 ಮೀಟರ್ ಉದ್ದ, ರೆಕ್ಕೆ 9 ಮೀಟರ್. ಕೂಡಿಸಿ ಏಳರಿಂದ ಭಾಗಿಸಿ ನೋಡಿ: 139.88 ಇಂಚು. ಒಂದು ಕಡಲೆಬೇಳೆಯ ದಪ್ಪದಷ್ಟು ಕಮ್ಮಿ!

ನನ್ನ ಹಿಂದಿದ್ದವನ ಫೋಕೆ-ವುಲ್ಫ್ 190, ಎರಡನೇ ಮಹಾಯುದ್ಧದ ಜರ್ಮನ್ ಯುದ್ಧವಿಮಾನದ ಮಾಡೆಲ್, ಸಲೀಸಾಗಿ ಒಳಗೆ ಹೋಯಿತು. ಪ್ರೊಪೆಲರ್ ವಿಮಾನಕ್ಕೆ ರೆಕ್ಕೆ 80 ಇಂಚು ಇದ್ದರೆ ಸಾಕು, ಅವನದು ದಾಟಿತ್ತು. ಅದರ ವಿನ್ಯಾಸ ಜರ್ಮನ್ ಎಂಜಿನಿಯರ್ ಕುರ್ಟ್ ಟ್ಯಾಂಕ್ ಅವರದು. ಮಾರುತ್ ವಿನ್ಯಾಸವೂ ಅವರದೇ, ಆ ಮಹಾಯುದ್ಧ ಮುಗಿದ ಮೇಲೆ ಅರ್ಜೆಂಟೀನಾ ಸುತ್ತಿಕೊಂಡು ಬೆಂಗಳೂರಿಗೆ ಬಂದು ಮಾಡಿದ್ದು. ಹಿಟ್ಲರನಿಗೆ ಮಾಡಿಕೊಟ್ಟದ್ದು ಒಳಗೆ, ನೆಹರೂ ಸರ್ಕಾರಕ್ಕೆ ಮಾಡಿಕೊಟ್ಟದ್ದು ಪಾರ್ಕಿಂಗ್‌ನಲ್ಲಿ.

ಟೇಪಿನವನು ಪಾಪ ಒಳ್ಳೆಯವನು. "ಮೂಗಿನ ತುದಿಯ ಕಡ್ಡಿ ಚೂರು ಉದ್ದ ಮಾಡಿಕೊಂಡು ಬಾ" ಅಂದ. ಐಸ್‌ಕ್ರೀಂ ಕಡ್ಡಿ ಕೆತ್ತಿ ಅಂಟಿಸಿದೆ. 140 ಆಯಿತು. ಮತ್ತೆ ತಾತನ ಮೇಜು.

"ಕಡ್ಡಿ ಇಷ್ಟುದ್ದ ಇದೆ ಅನ್ನೋದಕ್ಕೆ ಆಧಾರ?"

ಅತ್ತೆಗೆ ಫೋನ್ ಮಾಡಿದೆ. ಬೆಂಗಳೂರಿನಲ್ಲಿ ಆಗ ರಾತ್ರಿ.

"ನಾನು ಅವತ್ತೇ ಪಕ್ಕಕ್ಕೆ ನಿಲ್ತೀನಿ ಅಂದಿದ್ದೆ ಕಣೋ" ಅಂದರು, "ನಿಮ್ಮ ಮಾವನೇ ನಡುವೆ ನಿಲ್ಲಿಸಿದ್ದು."