ಕಾಣೆಯಾದವರ ಕಥೆಯನ್ನೂ ಹೇಳಿ

ಕೊಲೆ, ಕಾಣೆಯಾದವರು ಹೀಗೆ ಬಗೆಹರಿಯದ ಪ್ರಕರಣಗಳನ್ನು ತೋರಿಸುವ ಅಮೆರಿಕದ ‘ಅನ್‌ಸಾಲ್ವ್ಡ್ ಮಿಸ್ಟರೀಸ್’ ಟಿವಿ ಸರಣಿ ಅಂದರೆ ದೆವ್ವದ ಕಾರ್ಯಕ್ರಮ ಅಂತ ಇಲ್ಲಿ ಮೇರಿಲ್ಯಾಂಡಿನ ಕನ್ನಡದ ಗೆಳೆಯರು ಪಕ್ಕಕ್ಕೆ ಸರಿಸಿಬಿಡುತ್ತಾರೆ. ನನಗೆ ಬೇಜಾರಾಗುತ್ತದೆ. 1987ರಲ್ಲಿ ಎನ್‌ಬಿಸಿ ಚಾನೆಲ್‌ನಲ್ಲಿ ಶುರುವಾದ ಆ ಸರಣಿಯಲ್ಲಿ ದೆವ್ವ, ಹಾರುವ ತಟ್ಟೆ ಎಲ್ಲ ಇವೆ, ನಿಜ. ಆದರೆ ಅದರ ಜೀವ ಇರುವುದು ಕೊನೆಯ ಒಂದು ಮಾತಿನಲ್ಲಿ. ನಿಮಗೇನಾದರೂ ಗೊತ್ತಿದ್ದರೆ ತಿಳಿಸಿ, ಅಂತ ಅದು ನೋಡುವವರನ್ನು ಕೇಳುತ್ತದೆ.

ಉದ್ದ ಕೋಟು ತೊಟ್ಟ ರಾಬರ್ಟ್ ಸ್ಟಾಕ್ ಹಿಂದೆ ಅದನ್ನು ನಡೆಸಿಕೊಡುತ್ತಿದ್ದರು. 2020ರಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂದಾಗ ನಿರೂಪಕರೇ ಇಲ್ಲ. ಸತ್ತವರ, ಕಾಣೆಯಾದವರ ಮನೆಯವರೇ ಮಾತಾಡುತ್ತಾರೆ. ಮೊದಲ ಕಂತು ನಮ್ಮ ಪಕ್ಕದ ಬಾಲ್ಟಿಮೋರ್‌ನದು. 2006ರಲ್ಲಿ ಬೆಲ್ವಡೇರ್ ಕಟ್ಟಡದ ಕೆಳಚಾವಣಿಯಲ್ಲೊಂದು ತೂತು, ಅದರಡಿಯ ಕೋಣೆಯಲ್ಲಿ ಒಬ್ಬ ಯುವಕನ ಶವ. ಸಾವು ಹೇಗಾಯಿತು ಅಂತ ಇವತ್ತಿಗೂ ತೀರ್ಮಾನವಾಗಿಲ್ಲ. ಅವನ ಹೆಂಡತಿ ಮಾತಾಡುವುದನ್ನು ಕೇಳಿದ ಮೇಲೆ ಅದು ಸುಮ್ನೆ ಒಂದು ಕೇಸಾಗಿ ಉಳಿಯುವುದಿಲ್ಲ.

ಕೇಳಿದ್ದಕ್ಕೆ ಉತ್ತರವೂ ಬರುತ್ತದೆ. ಇಲಿನಾಯ್ ರಾಜ್ಯದ ಒಂಬತ್ತು ವರ್ಷದ ಹುಡುಗಿ 2017ರಲ್ಲಿ ಕಾಣೆಯಾದಳು. ಮಗಳನ್ನು ಸಾಕುವ ಹಕ್ಕು ಅಪ್ಪನಿಗೆ ಸಿಕ್ಕಿತ್ತು, ಅಮ್ಮ ಕರೆದುಕೊಂಡು ಹೋಗಿದ್ದಳು. 2022ರಲ್ಲಿ ಈ ಸರಣಿಯಲ್ಲಿ ಆ ಹುಡುಗಿಯ ಫೋಟೋ ಬಂತು. ಮರುವರ್ಷ ನಾರ್ತ್ ಕೆರೋಲಿನಾದ ಆಶ್ವಿಲ್‌ನ ಅಂಗಡಿಯೊಂದರಲ್ಲಿ ಯಾರೋ ಗುರುತು ಹಿಡಿದರು. ಹದಿನೈದರ ಹುಡುಗಿ ಅಪ್ಪನ ಹತ್ತಿರ ವಾಪಸ್ ಬಂದಳು.

ನಮ್ಮ ಕರ್ನಾಟಕದಲ್ಲಿ? ಪೇಪರಿನ ಮೂಲೆಯಲ್ಲಿ ‘ಕಾಣೆಯಾಗಿದ್ದಾರೆ’ ಅಂತ ಪುಟ್ಟ ಪ್ರಕಟಣೆ. ಕೋಲುಮುಖ, ಗೋಧಿ ಮೈಬಣ್ಣ, ಸಾಧಾರಣ ಮೈಕಟ್ಟು, ನೀಲಿ ಶರ್ಟು. ಈ ವಿವರಕ್ಕೆ ಹೊಂದದವರು ಯಾರಿದ್ದಾರೆ ಹೇಳಿ! ಆ ಮನುಷ್ಯ ಹೇಗೆ ನಗುತ್ತಿದ್ದ, ಯಾವ ಕೆಲಸ ಗೊತ್ತಿತ್ತು, ಮನೆಯಲ್ಲಿ ಯಾರು ಕಾಯುತ್ತಿದ್ದಾರೆ, ಒಂದೂ ಇರುವುದಿಲ್ಲ. ಓದಿದವರ ಮನಸ್ಸಿನಲ್ಲಿ ಆ ಮುಖ ನಿಲ್ಲುವುದು ಹೇಗೆ?

ಕಥೆ ಹೇಳುವುದಕ್ಕೆ ನಮಗೆ ಬರುವುದಿಲ್ಲ ಅಂತಲ್ಲ. ಈಟಿವಿ ಕನ್ನಡದಲ್ಲಿ ರವಿ ಬೆಳಗೆರೆ ‘ಕ್ರೈಂ ಡೈರಿ’ ನಡೆಸುತ್ತಿದ್ದಾಗ ಮನೆಮಂದಿಯೆಲ್ಲ ಕಿವಿಗೊಟ್ಟು ಕೂರುತ್ತಿದ್ದರು. ಆದರೆ ನಮ್ಮ ಅಪರಾಧದ ಕಾರ್ಯಕ್ರಮಗಳಲ್ಲಿ ನಾನು ಜಾಸ್ತಿ ನೋಡಿದ್ದು ಮುಗಿದ ಕಥೆಗಳನ್ನೇ. ಕೊಂದವನು ಸಿಕ್ಕಿರುತ್ತಾನೆ, ನೋಡುವವರಿಗೆ ಮಾಡಲು ಏನೂ ಉಳಿದಿರುವುದಿಲ್ಲ.

ದೆವ್ವದ ವಿಷಯಕ್ಕೆ ಬಂದರೆ, ಕೊಲೆಯನ್ನೂ ಹಾರುವ ತಟ್ಟೆಯನ್ನೂ ಒಂದೇ ಸಾಲಿನಲ್ಲಿ ಕೂರಿಸುವುದು ನನಗೂ ಇಷ್ಟವಿಲ್ಲ. ಮಗಳನ್ನು ಕಳಕೊಂಡ ತಾಯಿಗೆ ಅದು ಅವಮಾನ. ಆದರೆ ಜಪಾನಿನ ಇಶಿನೊಮಾಕಿ ಊರಿನ ಕಂತನ್ನು ತಪ್ಪದೆ ನೋಡಿ. 2011ರ ಸುನಾಮಿಯಲ್ಲಿ ಸತ್ತವರು ಮತ್ತೆ ಕಾಣಿಸಿಕೊಂಡರು ಅಂತ ಅಲ್ಲಿನ ಜನ ಹೇಳುತ್ತಾರೆ. ಹೆದರಿಸುವ ಆಟ ಅಲ್ಲಿಲ್ಲ, ಇರುವುದು ದುಃಖ.

ನಮ್ಮ ಚಾನೆಲ್‌ಗಳು ವಾರಕ್ಕೆ ಅರ್ಧ ಗಂಟೆ ಕೊಡಲಿ. ಮನೆಯವರ ಒಪ್ಪಿಗೆ ಪಡೆದು ಒಂದು ಪ್ರಕರಣ, ಕೊನೆಗೆ ಪೊಲೀಸ್ ಠಾಣೆಯ ನಂಬರು. ಯಾರ ಮೇಲೂ ಗೂಬೆ ಕೂರಿಸುವುದು ಬೇಡ. ಕಾಣೆಯಾದವರು ಕರ್ನಾಟಕದ ಒಳಗೇ ಇರಬೇಕೆಂದೇನಿಲ್ಲ, ಅಲ್ವಾ? ಮುಂಬೈನಲ್ಲಿ, ಗೋವಾದಲ್ಲಿ, ಚೆನ್ನೈನಲ್ಲಿ ಕನ್ನಡದ ಟಿವಿ ನೋಡುವವರು ಬೇಕಾದಷ್ಟು ಜನ ಇದ್ದಾರೆ. ಅವರನ್ನೂ ಕೇಳಿ.